ಚೀತಾದ ಬಾಲ ಮತ್ತು ರಿವೆಟ್ಟಿನ ಲೆಕ್ಕ

ನನ್ನ ಮೊದಲ ಚೀತಾದ ಕಾಕ್‌ಪಿಟ್‌ನಲ್ಲಿ 41 ಸ್ವಿಚ್‌ಗಳಿದ್ದವು. ಒಂದೊಂದನ್ನೂ ಮೇಣದಬತ್ತಿಯ ಮೇಲೆ ಹಿಗ್ಗಿಸಿದ ಸ್ಪ್ರೂನಿಂದ (ಕಿಟ್ಟಿನ ಬಿಡಿಭಾಗಗಳನ್ನು ಹಿಡಿದಿರುವ ಪ್ಲಾಸ್ಟಿಕ್ ಕಡ್ಡಿಯಿಂದ) ಕತ್ತರಿಸಿ, ಸೂಜಿಮೊನೆಯಲ್ಲಿ ಅಂಟು ಮುಟ್ಟಿಸಿ ಕೂರಿಸಿದ್ದೆ. 1/48 ಅಳತೆಯ ಆ ಹೆಲಿಕಾಪ್ಟರನ್ನು ನಮ್ಮ ಬೀದಿಯ ಹಿರಿಯರೊಬ್ಬರಿಗೆ ತೋರಿಸಿದೆ. ವಿಮಾನ ಕಾರ್ಖಾನೆಯಲ್ಲಿ ವೆಲ್ಡರ್ ಆಗಿ ದುಡಿದು ನಿವೃತ್ತರಾದವರು. ಅವರು ಕನ್ನಡಕ ಸರಿಮಾಡಿಕೊಂಡು, ಮಾಡೆಲನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು, "ಬಾಲ ಯಾಕಪ್ಪಾ ಇಷ್ಟು ದಪ್ಪ? ಬೋರ್‌ವೆಲ್ ಪೈಪ್ ಹಾಕಿದೀಯಲ್ಲ" ಅಂದರು. "ಕಾಕ್‌ಪಿಟ್ ಒಳಗೆ ನೋಡಿ ಸರ್" ಅಂದೆ. "ಅದೆಲ್ಲಿ ಕಾಣತ್ತೆ" ಅಂದವರೇ ಮಾಡೆಲನ್ನು ಮೆಲ್ಲಗೆ ಕೆಳಗಿಟ್ಟು ಕಾಫಿ ಲೋಟ ಕೈಗೆತ್ತಿಕೊಂಡರು.

ಮಾತು ಚುಚ್ಚಿತು. ಎರಡು ತಿಂಗಳು ಆ ಸ್ವಿಚ್‌ಗಳಿಗೇ ಹೋಗಿತ್ತು. ಅವುಗಳ ಪರವಾಗಿ ವಾದ ಹೂಡಲು ಇನ್ನೆರಡು ತಿಂಗಳು ಮನಸ್ಸಿನಲ್ಲೇ ಹೆಣಗಿದೆ. ವಾದ ನಿಲ್ಲಲಿಲ್ಲ. ಅವರು ಹೇಳಿದ್ದು ಸರಿಯಾದರೆ ಕೆಟ್ಟದ್ದು ನನ್ನೊಂದು ಮಾಡೆಲ್ ಮಾತ್ರ ಎಂದುಕೊಂಡು ಸುಮ್ಮನಾಗುವಂತಿಲ್ಲ. ಹೆಲಿಕಾಪ್ಟರ್ ಮಾಡೆಲ್‌ಗಳನ್ನು ನಾವು ಹೊಗಳುವ, ತೆಗಳುವ, ಬಹುಮಾನಕ್ಕೆ ಆರಿಸುವ ಕ್ರಮವೇ ದಾರಿ ತಪ್ಪಿದೆ ಎಂದು ಒಪ್ಪಬೇಕಾಗುತ್ತದೆ. ನಾನು ಒಪ್ಪಿದ್ದೇನೆ, ಮತ್ತು ಇನ್ನೂ ಒಪ್ಪದ ಗೆಳೆಯರೊಡನೆ ಜಗಳಕ್ಕೆ ನಿಂತಿದ್ದೇನೆ.

ಚಾಲ್ತಿಯಲ್ಲಿರುವ ನಂಬಿಕೆ ಎಲ್ಲರಿಗೂ ಗೊತ್ತಿರುವಂಥದ್ದು. ಕಿಟ್ ಕೊಡುವುದು ಬರಿಯ ಆಕಾರ; ಅದರ ಮೇಲೆ ನಾವು ಸ್ವಂತ ಕೈಯಿಂದ ಕೂಡಿಸುವ ಒಂದೊಂದು ರಿವೆಟ್, ಒಂದೊಂದು ತಂತಿ, ಸೀಟ್ ಬೆಲ್ಟಿನ ಒಂದೊಂದು ಬಕಲ್ ಮಾಡೆಲನ್ನು ನಿಜಕ್ಕೆ ಹತ್ತಿರ ಒಯ್ಯುತ್ತದೆ. ಹಾಗಾಗಿ ಹೆಚ್ಚು ಕೂಡಿಸಿದವರೇ ಹೆಚ್ಚಿನ ಕುಶಲಿಗಳು. ಸ್ಪರ್ಧೆಗಳಲ್ಲಿ ಮಾಡೆಲ್ ಪಕ್ಕ ಇಟ್ಟಿರುವ ಚೀಟಿಗಳನ್ನು ಓದಿ: ಎಷ್ಟು ಗಂಟೆ ಹಿಡಿಯಿತು, ಎಷ್ಟು ಬಿಡಿಭಾಗ ಸ್ಕ್ರ್ಯಾಚ್ ಬಿಲ್ಡ್ (ಕಿಟ್ ಬಿಟ್ಟು ಸ್ವಂತ ಕೈಯಲ್ಲಿ ಮಾಡಿದ್ದು), ಎಷ್ಟು ಸಾವಿರ ರಿವೆಟ್ ಒತ್ತಿದ್ದು. ಮದುವೆ ಊಟದಿಂದ ಬಂದವರು ರುಚಿಯ ಸುದ್ದಿ ಎತ್ತದೆ ಎಲೆಗೆ ಬಿದ್ದ ಐಟಂಗಳನ್ನು ಎಣಿಸಿ ಹೇಳಿದ ಹಾಗೆ.

ಈ ಎಣಿಕೆಯ ರುಚಿಗೆ ಒಂದು ಹುಟ್ಟೂರು ಇದೆ. ಬ್ರಿಟನ್ನಿನ ಹ್ಯಾರಿ ವುಡ್‌ಮನ್ ಪ್ಲಾಸ್ಟಿಕ್ ಹಾಳೆಯಿಂದ ವಿಮಾನದ ಮಾಡೆಲ್ ಕಟ್ಟುವ ಬಗ್ಗೆ 1975ರಲ್ಲಿ ತಂದ ಪುಸ್ತಕ ಸ್ಕ್ರ್ಯಾಚ್ ಬಿಲ್ಡಿಂಗನ್ನು ಸಾಮಾನ್ಯ ಹವ್ಯಾಸಿಯ ಮೇಜಿಗೆ ಇಳಿಸಿತು. ಬೆಲ್ಜಿಯಮ್ಮಿನ ಫ್ರಾನ್ಸ್ವಾ ವೆರ್ಲಿಂಡನ್ 1980ರ ದಶಕದಲ್ಲಿ ಬಿಚ್ಚಿಟ್ಟ ಪ್ಯಾನೆಲ್‌ಗಳ, ಡ್ರೈ ಬ್ರಶ್ ಮಾಡಿದ, ಅಂದರೆ ಒಣಕುಂಚದಲ್ಲಿ ಬಣ್ಣ ಸವರಿದ ಏಣುಗಳ ಶೈಲಿಯನ್ನು ಜಗತ್ತಿಗೆಲ್ಲ ಹಬ್ಬಿಸಿದರು. ಇಬ್ಬರ ಮೇಲೂ ನನಗೆ ಗೌರವವಿದೆ. ವೆರ್ಲಿಂಡನ್ ಫೋಟೋಗಳನ್ನು ಕಾಪಿ ಹೊಡೆದೇ ನಾನು ಬಣ್ಣ ಹಚ್ಚಲು ಕಲಿತವನು. ಆದರೆ ಈ ಹವ್ಯಾಸದ ಕುಲದೇವರುಗಳು ಯಾರು? ಸ್ಪಿಟ್‌ಫೈರ್, ಮಸ್ಟಾಂಗ್, ಮೆಸರ್‌ಶ್ಮಿಟ್. ಅವು ತಗಡಿನ ಚರ್ಮವೇ ಭಾರ ಹೊರುವ ವಿಮಾನಗಳು. ಯಂತ್ರದ ಕಥೆಯೆಲ್ಲ ಆ ಚರ್ಮದ ಮೇಲೇ ಬರೆದಿರುತ್ತದೆ: ಪ್ಯಾನೆಲ್ ಗೆರೆ, ರಿವೆಟ್ ಸಾಲು, ಎಣ್ಣೆಯ ಕಲೆ, ಬೂಟುಗಾಲು ತುಳಿದು ಬಣ್ಣ ಎದ್ದ ಜಾಗ. ಅದನ್ನು ಓದಲು ಹುಟ್ಟಿಕೊಂಡ ಡೀಟೇಲಿಂಗ್‌ನ ಭಾಷೆ ಸಹಜವಾಗಿಯೇ ಚರ್ಮದ ಭಾಷೆಯಾಯಿತು. ನನ್ನ ತಕರಾರು ಆ ಭಾಷೆಯ ಮೇಲಿಲ್ಲ. ಅದನ್ನು ಒಂದಕ್ಷರವೂ ಬದಲಿಸದೆ ಹೆಲಿಕಾಪ್ಟರಿನ ಮೇಲೆ ಹೇರಿದ್ದರ ಮೇಲಿದೆ.

ಚೀತಾವನ್ನೇ ತೆಗೆದುಕೊಳ್ಳೋಣ, ಬೆಂಗಳೂರಿನವರಿಗೆ ಅದು ಮನೆಯ ಕೂಸು. ಫ್ರಾನ್ಸಿನ ಲಾಮಾ ಅದರ ಮೂಲ ಹೆಸರು. ಎತ್ತರದ ಪರ್ವತಗಳಲ್ಲಿ ಹಾರಬಲ್ಲ ಹೆಲಿಕಾಪ್ಟರ್ ಬೇಕೆಂಬ ಭಾರತೀಯ ಸೇನೆಯ ಬೇಡಿಕೆಗೆಂದೇ 1968ರಲ್ಲಿ ಅದರ ಕೆಲಸ ಶುರುವಾಯಿತು. 1969ರ ಮಾರ್ಚ್ 17ರಂದು ಮೊದಲ ಸಲ ಹಾರಿತು. ಹಿಂದಿನ ಫ್ರೆಂಚ್ ಹೆಲಿಕಾಪ್ಟರ್ ಅಲುವೆಟ್-2ರ ಹಗುರ ದೇಹಕ್ಕೆ ಅಲುವೆಟ್-3ರ ರೋಟರ್ ಮತ್ತು ಆರ್ಟೂಸ್ಟ್ ಎಂಜಿನ್ ಕೂಡಿಸಿದ್ದೇ ಅದರ ಗುಟ್ಟು. 870 ಅಶ್ವಶಕ್ತಿ ಕೊಡಬಲ್ಲ ಎಂಜಿನ್ನಿಗೆ 550ರ ಲಗಾಮು ಹಾಕಿದ್ದರು. ಗಾಳಿ ತೆಳುವಾದ ಎತ್ತರದಲ್ಲೂ ಶಕ್ತಿ ಉಳಿದಿರಲಿ ಎಂದು. ಬೆಂಗಳೂರಿನ ವಿಮಾನ ಕಾರ್ಖಾನೆ ಎಚ್‌ಎಎಲ್ 1970ರ ದಶಕದಿಂದ ಅದನ್ನು ಚೀತಾ ಎಂಬ ಹೆಸರಿನಲ್ಲಿ ಇಲ್ಲೇ ಕಟ್ಟಿತು. 1984ರಿಂದ ಸಿಯಾಚಿನ್‌ನ ಠಾಣೆಗಳಿಗೆ ಸೀಮೆಎಣ್ಣೆ, ಔಷಧ ಹೊತ್ತು ಹೋಗಿ ಗಾಯಾಳುಗಳನ್ನು ಇಳಿಸಿ ತಂದ ಯಂತ್ರವಿದು. ಆ ಕೀಚಲು ಸಿಳ್ಳಿನ ಸದ್ದು ವಿಮಾನಪುರದ ಆಸುಪಾಸಿನಲ್ಲಿ ಬೆಳೆದವರ ಕಿವಿಯಲ್ಲಿ ಇನ್ನೂ ಇದ್ದೀತು.

ಈಗ ಅದರ ಮೈ ನೋಡಿ. ಮುಂದೆ ಗಾಜಿನ ಗುಳ್ಳೆಯಂಥ ಕ್ಯಾಬಿನ್. ಅದರ ಹಿಂದೆ ತ್ರಿಕೋನ ತ್ರಿಕೋನವಾಗಿ ಬೆಸೆದ ಉಕ್ಕಿನ ಕೊಳವೆಗಳ ಟ್ರಸ್, ಬಾಲವೂ ಅದೇ. ಎಂಜಿನ್ ಮೇಲುಗಡೆ ಬಟ್ಟಬಯಲಲ್ಲಿ ಕೂತಿದೆ. ಕೆಳಗೆ ಜಾರುಗಾಲಿನಂಥ ಎರಡು ಸ್ಕಿಡ್, ಮೇಲೆ 11.02 ಮೀಟರ್ ವ್ಯಾಸದ ಮೂರು ರೆಕ್ಕೆಗಳ ರೋಟರ್. ರಿವೆಟ್ ಎಣಿಸೋಣ ಎಂದು ಹೊರಟವರಿಗೆ ಇಲ್ಲಿ ಸರಿಯಾದ ತಗಡೇ ಸಿಗುವುದಿಲ್ಲ. ದೂರದಿಂದ ಚೀತಾ ಬರುವಾಗ ನಾವು ಕಾಣುವುದು ಒಂದಿಷ್ಟು ಗೆರೆಗಳನ್ನು, ಗೆರೆಗಳ ನಡುವಿನ ಆಕಾಶವನ್ನು. ಈ ಯಂತ್ರದ ಮಾಡೆಲ್‌ನಲ್ಲಿ ಆ ಆಕಾಶವೂ ಒಂದು ಬಿಡಿಭಾಗ. ಗೆರೆ ದಪ್ಪವಾದಷ್ಟೂ ಆಕಾಶ ಕಿರಿದಾಗುತ್ತದೆ. ನಮ್ಮ ಬೀದಿಯ ವೆಲ್ಡರ್ ಕಿಟಕಿಗೆ ಹಿಡಿದು ನೋಡಿದ್ದು ಅದನ್ನೇ.

ಸ್ವಲ್ಪ ಲೆಕ್ಕ ಮಾಡೋಣ; ವಿಮರ್ಶೆಗೆ ಲೆಕ್ಕ ಬೇಡ ಎನ್ನುವವರು ಈ ಪ್ಯಾರಾ ದಾಟಬಹುದು, ಆದರೆ ಆಮೇಲೆ ಜಗಳಕ್ಕೆ ಬರಬಾರದು. 1/48ರ ಮಾಡೆಲನ್ನು 30 ಸೆಂಟಿಮೀಟರ್ ದೂರದಿಂದ ನೋಡುವುದೆಂದರೆ ನಿಜವಾದ ಹೆಲಿಕಾಪ್ಟರನ್ನು 14.4 ಮೀಟರ್ ಆಚೆಯಿಂದ ನೋಡಿದ ಹಾಗೆ. ಒಳ್ಳೆಯ ಕಣ್ಣು ಆ 30 ಸೆಂಟಿಮೀಟರ್‌ನಲ್ಲಿ ಬೇರೆ ಬೇರೆಯಾಗಿ ಗುರುತಿಸಬಲ್ಲ ಅತಿ ಸಣ್ಣ ಅಂತರ ಸುಮಾರು 0.09 ಮಿಲಿಮೀಟರ್, ನಿಜದ ಅಳತೆಯಲ್ಲಿ 4 ಮಿಲಿಮೀಟರ್‌ಗೆ ತುಸು ಹೆಚ್ಚು. ಅಂದರೆ ಒಂದೇ ಬಣ್ಣದ ತಗಡಿನಲ್ಲಿ ಹುದುಗಿದ ಸಾಧಾರಣ ರಿವೆಟ್ ತಲೆ ಕಂಡರೂ ಕಂಡೀತು, ಕಾಣದೆಯೂ ಇದ್ದೀತು. ನಾವು ಅದನ್ನು ಕಾಣುವಂತೆ ಮಾಡಲೇಬೇಕೆಂದು ಹಟ ಹಿಡಿದು ದಪ್ಪ ಮಾಡುತ್ತೇವೆ. ಪ್ಯಾನೆಲ್ ಗೆರೆಯನ್ನು 0.15 ಮಿಲಿಮೀಟರ್ ಕೊರೆದು, ಕಪ್ಪು ವಾಶ್ ಎಂಬ ತೆಳು ಬಣ್ಣ ತುಂಬಿ, "ಎಷ್ಟು ಸೂಕ್ಷ್ಮ!" ಎನ್ನುತ್ತೇವೆ. ನಿಜದಲ್ಲಿ ಅದು 7 ಮಿಲಿಮೀಟರ್ ಬಿರುಕು. ಪೆನ್ಸಿಲ್ ತೂರಿಸಬಹುದು. ಎರಡು ತಗಡುಗಳ ನಡುವೆ ಅಷ್ಟು ಸಂದು ಬಿಟ್ಟ ಫಿಟ್ಟರನ್ನು ಯಾವ ಇನ್‌ಸ್ಪೆಕ್ಟರ್ ತಾನೇ ಬಿಡುತ್ತಿದ್ದ?

ಇದಕ್ಕೆ ಎದುರಾಗಿ ಕಣ್ಣಿನ ಇನ್ನೊಂದು ಗುಣವಿದೆ. ಬಿಳಿ ಆಕಾಶಕ್ಕೆ ಎದುರಾಗಿ ಎಳೆದ ಕಪ್ಪು ಗೆರೆ ಆ ಮಿತಿಗಿಂತ ಬಹಳ ತೆಳುವಾಗಿದ್ದರೂ ಕಣ್ಣು ಅದನ್ನು ಹಿಡಿಯುತ್ತದೆ. ಹೊಲದಾಚೆಯ ಕರೆಂಟ್ ತಂತಿ ನಮಗೆ ಕಾಣುವುದು ಹಾಗೆ. ಅದರ ಮೇಲೆ ಕೂತ ಹಕ್ಕಿಯ ಕಣ್ಣು ಕಾಣುವುದಿಲ್ಲ. ಮೈಮೇಲಿನ ಚುಕ್ಕೆಗೂ ಬಯಲಿಗೆ ಆನಿಸಿದ ಗೆರೆಗೂ ಇರುವ ಈ ವ್ಯತ್ಯಾಸವನ್ನು ನಮ್ಮ ಡೀಟೇಲಿಂಗ್ ಶಾಸ್ತ್ರ ಗಮನಿಸಿಯೇ ಇಲ್ಲ. ಚುಕ್ಕೆಗೆ ತಿಂಗಳುಗಟ್ಟಲೆ ಮೀಸಲು. ಗೆರೆಗೆ ಕಿಟ್ ಕೊಟ್ಟಿದ್ದೇ ಸಾಕು. ಚೀತಾದ ವಿಷಯದಲ್ಲಂತೂ ಇದು ತಲೆಕೆಳಗಾದ ಆದ್ಯತೆ.

ಚರಿತ್ರೆಯೂ ನನ್ನ ಪಕ್ಷದಲ್ಲೇ ಇದೆ. ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ, ಅಮೆರಿಕದ ನೌಕಾಪಡೆ ಶಾಲಾಮಕ್ಕಳಿಂದ ಲಕ್ಷಗಟ್ಟಲೆ ಮರದ ವಿಮಾನ ಮಾಡೆಲ್ ಮಾಡಿಸಿತು. ಅಳತೆ 1/72. ಶತ್ರು ವಿಮಾನವನ್ನೂ ಮಿತ್ರ ವಿಮಾನವನ್ನೂ ನೋಟದಲ್ಲೇ ಗುರುತಿಸಲು ಸೈನಿಕರಿಗೆ ಕಲಿಸುವುದು ಅವುಗಳ ಕೆಲಸ. 35 ಅಡಿ ದೂರದಲ್ಲಿ ಹಿಡಿದ ಮಾಡೆಲ್ ಸುಮಾರು ಅರ್ಧ ಮೈಲಿ ದೂರದ ವಿಮಾನದ ಹಾಗೆ ಕಾಣುತ್ತಿತ್ತು. ರಿವೆಟ್ ಇರಲಿಲ್ಲ, ಪ್ಯಾನೆಲ್ ಇರಲಿಲ್ಲ, ಕಾಕ್‌ಪಿಟ್ ಇರಲಿಲ್ಲ. ಬಳಿದಿದ್ದು ಕಪ್ಪು ಬಣ್ಣ. ಒಬ್ಬ ಗನ್ನರ್ ಗುಂಡು ಹಾರಿಸಬೇಕೋ ಬೇಡವೋ ಎಂಬುದು ಆ ಕಪ್ಪು ಸಿಲೂಯೆಟ್ಟಿನ ಮೇಲೆ ನಿಂತಿತ್ತು. 1/72 ಎಂಬ ಅಳತೆಯನ್ನು ಇಂದಿಗೂ ಬಳಸುವ ನಾವು ಆ ಶಿಸ್ತನ್ನು ಮಾತ್ರ ಕೈಬಿಟ್ಟೆವು.

ಇನ್ನು ಬಾಲದ ಕೆಲಸಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ಹೊತ್ತು ಕೂರಬೇಕು.

ಪ್ಲಾಸ್ಟಿಕ್ ಅಚ್ಚಿನ ಕಷ್ಟ ಎಲ್ಲರಿಗೂ ಗೊತ್ತು. ಕರಗಿದ ಪ್ಲಾಸ್ಟಿಕ್ ಅಚ್ಚಿನ ತುದಿಯವರೆಗೆ ಹರಿಯಬೇಕಾದರೆ ಕಡ್ಡಿ ದಪ್ಪವಿರಬೇಕು. ನನ್ನ ಹಳೆಯ ಕಿಟ್‌ನಲ್ಲಿ ಟ್ರಸ್ಸಿನ ಕಡ್ಡಿಗಳು ಸುಮಾರು 1 ಮಿಲಿಮೀಟರ್ ಇದ್ದವು. ನಿಜದಲ್ಲಿ 48 ಮಿಲಿಮೀಟರ್, ಹೆಚ್ಚೂ ಕಡಿಮೆ ಎರಡಿಂಚಿನ ಪೈಪು. ಬೋರ್‌ವೆಲ್ ಎಂದದ್ದು ಉತ್ಪ್ರೇಕ್ಷೆಯೇನೂ ಆಗಿರಲಿಲ್ಲ. ಇದಕ್ಕೆ ಸಾಮಾನ್ಯವಾಗಿ ಸೂಚಿಸುವ ಮದ್ದು ಫೋಟೋ-ಎಚ್, ಅಂದರೆ ಆಮ್ಲದಲ್ಲಿ ಕೊರೆದ ತೆಳು ಹಿತ್ತಾಳೆ ತಗಡು. ಸೂಕ್ಷ್ಮತೆಯ ಪರಮಾವಧಿ ಎಂದು ಅದಕ್ಕೆ ಹೆಸರು. ಹೆಲಿಕಾಪ್ಟರಿನ ಮಟ್ಟಿಗೆ ನಾನು ಅದನ್ನು ನೇರವಾಗಿ ತಿರಸ್ಕರಿಸುತ್ತೇನೆ. ಕಾರಣ ಸರಳ: ಫೋಟೋ-ಎಚ್ ತಗಡಿನ ಕಲೆ, ಚೀತಾ ಕೊಳವೆಯ ಯಂತ್ರ. ತಗಡಿನಲ್ಲಿ ಕೊರೆದ ಟ್ರಸ್ ನೇರ ಬದಿಯಿಂದ ಚಂದ. ಮಾಡೆಲನ್ನು ಕಾಲು ಸುತ್ತು ತಿರುಗಿಸಿದರೆ ಕೊಳವೆಗಳು ಚಪ್ಪಟೆ ಪಟ್ಟಿಗಳಾಗಿ, ಆಮೇಲೆ ಕತ್ತಿಯಲುಗಾಗಿ, ಕೊನೆಗೆ ಮಾಯವಾಗುತ್ತವೆ. ನಿಜವಾದ ಕೊಳವೆ ಯಾವ ಕಡೆಯಿಂದ ನೋಡಿದರೂ ಒಂದೇ ದಪ್ಪ. ಅದರ ಬೆನ್ನ ಮೇಲೆ ಉದ್ದಕ್ಕೂ ಒಂದು ಬೆಳಕಿನ ಎಳೆ ಓಡುತ್ತದೆ. ಆ ಎಳೆಯನ್ನು ಯಾವ ಬಣ್ಣಗಾರಿಕೆಯೂ ಚಪ್ಪಟೆ ಪಟ್ಟಿಯ ಮೇಲೆ ತರಲಾರದು.

ನಾನು ಕೊನೆಗೆ ಮೊರೆಹೋದದ್ದು ಮೋಟರ್ ವೈಂಡಿಂಗ್ ಅಂಗಡಿಯ ತಾಮ್ರದ ತಂತಿಗೆ. ಒಂದಂಗುಲದ ಕೊಳವೆ ಎಂದಿಟ್ಟುಕೊಂಡರೆ 1/48ರಲ್ಲಿ ಅದು 0.53 ಮಿಲಿಮೀಟರ್. 26 ಗೇಜಿನ ತಂತಿ 0.46. ಕಡಿಮೆಯಾಯಿತಲ್ಲ ಎನ್ನಬೇಡಿ, ಬಣ್ಣವೂ ದಪ್ಪವೇ. ಏರ್‌ಬ್ರಶ್‌ನಲ್ಲಿ ತೆಳುವಾಗಿ ಹೊಡೆದರೂ ಪ್ರೈಮರ್, ಬಣ್ಣ ಎರಡೂ ಸೇರಿ ಬದಿಗೆ 0.03ರಂತೆ ಕೂಡಿದರೆ ಲೆಕ್ಕ 0.52ಕ್ಕೆ ಬಂದು ನಿಲ್ಲುತ್ತದೆ. ಅಡ್ಡ, ಓರೆ ಕಡ್ಡಿಗಳಿಗೆ 30 ಗೇಜ್. ತಂತಿಯ ಒಂದು ತುದಿಯನ್ನು ವೈಸ್‌ನಲ್ಲಿ ಕಚ್ಚಿಸಿ, ಇನ್ನೊಂದನ್ನು ಇಕ್ಕಳದಲ್ಲಿ ಹಿಡಿದು, ಸಣ್ಣಗೆ ಸೋಲುವವರೆಗೆ ಎಳೆಯಬೇಕು. ಸುರುಳಿಯ ಬಾಗೆಲ್ಲ ಹೋಗಿ ಹೆದೆಯ ಹಾಗೆ ನೆಟ್ಟಗಾಗುತ್ತದೆ, ತುಸು ಗಡುಸೂ ಆಗುತ್ತದೆ. ನಕ್ಷೆಯನ್ನು ಮರದ ಹಲಗೆಗೆ ಅಂಟಿಸಿ, ಗುಂಡುಸೂಜಿಗಳ ನಡುವೆ ತಂತಿ ಕೂರಿಸಿ ಬೆಸೆಯುತ್ತಾ ಹೋಗಬೇಕು. ಒಂದು ಕೀಲಿಗೆ ಬಿಸಿ ಮುಟ್ಟಿಸಿದರೆ ಪಕ್ಕದ ಕೀಲು ಕಳಚುತ್ತದೆ. ಅದಕ್ಕೆ ಒದ್ದೆ ಕಾಗದದ ಚೂರು ಸುತ್ತಿಡುತ್ತೇನೆ. ಮೊದಲ ಎರಡು ಬಾಲಗಳು ಕಸದ ಬುಟ್ಟಿ ಸೇರಿದವು. ಮೂರನೆಯದು ನಿಂತಿತು.

ಅದು ನಿಂತ ಬಗೆಯೇ ನನ್ನ ವಾದದ ಜೀವ. ಕೊನೆಯ ನಾಲ್ಕೈದು ಓರೆ ಕಡ್ಡಿಗಳು ಕೂರುವವರೆಗೂ ಆ ಬಾಲ ಬೆಂದ ಶಾವಿಗೆಯ ಹಾಗೆ ಕೈಯಲ್ಲಿ ಬಳುಕುತ್ತಿತ್ತು. ಒಂದೊಂದೇ ತ್ರಿಕೋನ ಮುಚ್ಚಿಕೊಂಡಂತೆ ಬಿಗಿಯಾಗುತ್ತಾ ಬಂದು, ಕೊನೆಯ ಬೆಸುಗೆ ಆರಿದಾಗ ತುದಿ ಹಿಡಿದು ಎತ್ತಿದರೂ ಬಾಗಲಿಲ್ಲ. ನಿಜವಾದ ಚೀತಾದ ಬಾಲ ಯಾವ ಕಾರಣಕ್ಕೆ ನಿಲ್ಲುತ್ತದೋ ಇದೂ ಅದೇ ಕಾರಣಕ್ಕೆ ನಿಂತಿತ್ತು. ಕಿಟ್ಟಿನ ದಪ್ಪ ಕಡ್ಡಿಗಳಲ್ಲಿ ಓರೆ ಪಟ್ಟಿಗಳು ಬರಿಯ ಅಲಂಕಾರ, ಅವಿಲ್ಲದೆಯೂ ಬಾಲ ನಿಂತೀತು. ಇಲ್ಲಿ ಅವು ದುಡಿಯುತ್ತಿವೆ. ಸೂಕ್ಷ್ಮ ಕೆಲಸ ಎಂದರೆ ನನಗೆ ಇದು: ಅಳತೆಗೆ ತಕ್ಕಷ್ಟು ತೆಳುವಾಗಿದ್ದು, ಆ ತೆಳುವಿನಲ್ಲೂ ತನ್ನ ಕೆಲಸ ಮಾಡುವ ಭಾಗ. 41 ಸ್ವಿಚ್‌ಗಳಲ್ಲಿ ಒಂದೂ ಏನನ್ನೂ ಹೊತ್ತಿರಲಿಲ್ಲ.

ಗಾಜಿನ ಗುಳ್ಳೆಯ ಕಥೆಯೂ ಬೇರೆಯಲ್ಲ. ಕಿಟ್‌ನ ಪಾರದರ್ಶಕ ಭಾಗ 1 ಮಿಲಿಮೀಟರ್ ದಪ್ಪವಿದ್ದರೆ ನಿಜದ ಲೆಕ್ಕದಲ್ಲಿ 48 ಮಿಲಿಮೀಟರ್. ಬಾಗಿದ ಕಡೆಯಲ್ಲೆಲ್ಲ ಲೆನ್ಸಿನಂತೆ ಒಳಗಿನದನ್ನು ಕದಡಿ ತೋರಿಸುತ್ತದೆ. ಅದರ ಹಿಂದೆ ಸೀಟಿನ ಹೊಲಿಗೆಯನ್ನು ಕೂಡ ಬಿಡಿಸುವವರಿದ್ದಾರೆ. ಅದೇ ಶ್ರಮದಲ್ಲಿ ಮರದ ಅಚ್ಚು ಕೆತ್ತಿ, ತೆಳು ಪ್ಲಾಸ್ಟಿಕ್ ಹಾಳೆಯನ್ನು ಬಿಸಿ ಮಾಡಿ ಅದರ ಮೇಲೆ ಎಳೆದರೆ 0.2 ಮಿಲಿಮೀಟರಿನ ಗುಳ್ಳೆ ಬರುತ್ತದೆ. ಒಳಗೆ ಸೀಟು, ಸ್ಟಿಕ್, ಪೆಡಲ್ ಇದ್ದರೆ ಸಾಕು, ಪೈಲಟ್ ಈಗಷ್ಟೇ ಇಳಿದು ಹೋದಂತೆ ಕಾಣುತ್ತದೆ.

ರೋಟರ್ ತಲೆಯ ಬಗ್ಗೆ ಒಂದೇ ಮಾತು, ಏಕೆಂದರೆ ನನ್ನ ಅತಿ ದೊಡ್ಡ ಅಸಹನೆ ಅದರ ಮೇಲೆಯೇ. ಚೀತಾದ ಮೂರು ರೆಕ್ಕೆಗಳ ಬುಡಗಳನ್ನು ಒಂದಕ್ಕೊಂದು ಜೋಡಿಸುವ ಕೇಬಲ್‌ಗಳಿವೆ. ರೆಕ್ಕೆಗಳ ನಡುವಿನ ಅಂತರ ಕಾಯುವುದು ಅವುಗಳ ಕೆಲಸ. ತಲೆಯ ಸುತ್ತ ಅವು ಒಂದು ತ್ರಿಕೋನ ಬರೆಯುತ್ತವೆ. ನಿಂತ ಹೆಲಿಕಾಪ್ಟರಿನಲ್ಲಿ ರೆಕ್ಕೆಗಳು ಸ್ವಂತ ಭಾರಕ್ಕೆ ಕೆಳಗೆ ಜೋಲುತ್ತವೆ. ಸಾವಿರ ರಿವೆಟ್ ಒತ್ತಿದ, ಆದರೆ ರೆಕ್ಕೆಗಳು ಫ್ಯಾನಿನ ಹಾಗೆ ನೆಟ್ಟಗಿರುವ, ಕೇಬಲ್ಲೇ ಇಲ್ಲದ ಚೀತಾಗಳನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಕೇಬಲ್ಲಿಗೆ ಬೇಕಾದ್ದು 44 ಗೇಜಿನ, ಕೂದಲೆಳೆಗಿಂತ ತುಸುವೇ ದಪ್ಪವಾದ 0.08 ಮಿಲಿಮೀಟರಿನ ಮೂರು ತುಂಡು ತಂತಿ. ರೆಕ್ಕೆ ಜೋಲಿಸಲು ಬಿಸಿನೀರು. ಒಂದು ಸಂಜೆಯ ಕೆಲಸ. ಒಂದು ಸಂಜೆಯದು ಎಂಬುದೇ ಅದರ ದೋಷವಿರಬೇಕು, ಚೀಟಿಯಲ್ಲಿ ಬರೆದುಕೊಳ್ಳುವಷ್ಟು ಗಂಟೆಗಳಾಗುವುದಿಲ್ಲ.

ನಮ್ಮ ನಾಡಿನಲ್ಲಿ ಇನ್ನೊಂದು ಬಗೆಯ ಹೊಗಳಿಕೆಯೂ ಇದೆ. ಅದು ಬೈಗುಳಕ್ಕಿಂತ ಕಷ್ಟ. ಯಾರೋ ಇಂಜೆಕ್ಷನ್ ಸೂಜಿ, ಪೆನ್ನಿನ ರೀಫಿಲ್, ಹಳೆಯ ಐಡಿ ಕಾರ್ಡು ಬಳಸಿ ಹೆಲಿಕಾಪ್ಟರ್ ಮಾಡಿದರೆ ತಟ್ಟನೆ ಬರುವ ಉದ್ಗಾರ: "ಕಸದಿಂದ ರಸ!" ಅಲ್ಲಿಗೆ ವಿಮರ್ಶೆ ಮುಗಿಯಿತು. ಆಕಾರ ಸರಿಯಿದೆಯೇ, ನಿಲುವು ಸರಿಯಿದೆಯೇ ಎಂದು ಯಾರೂ ಕೇಳುವುದಿಲ್ಲ. ಕಸ ಎಲ್ಲಿಯದು ಎಂದು ಕೇಳುತ್ತಾರೆ. ಇದು ಕೈಕೆಲಸವನ್ನು ಮೆಚ್ಚುವ ಹೆಸರಲ್ಲಿ ಅದನ್ನು ಶಾಲಾ ವಾರ್ಷಿಕೋತ್ಸವದ ಮೇಜಿಗೆ ಇಳಿಸುವ ಕ್ರಮ. ಇನ್ಸುಲಿನ್ ಸಿರಿಂಜಿನ 31 ಗೇಜಿನ ಸೂಜಿಯನ್ನು ನಾನು ಇಂಧನದ ಸಣ್ಣ ಕೊಳವೆಗೆ ಬಳಸುವುದು ಅದರ ಹೊರ ವ್ಯಾಸ 0.26 ಮಿಲಿಮೀಟರ್ ಎಂಬ ಕಾರಣಕ್ಕೆ, ಮತ್ತು ಅದು ನಿಜಕ್ಕೂ ಟೊಳ್ಳು ಎಂಬ ಕಾರಣಕ್ಕೆ. ಅಂಗಡಿಯಿಂದ ಹೊಸದೇ ಕೊಳ್ಳುತ್ತೇನೆ, ಅದು ಕಸವಲ್ಲ. ಪರದೇಶದ ಎವರ್‌ಗ್ರೀನ್ ಪ್ಲಾಸ್ಟಿಕ್ ಪಟ್ಟಿ ಕೈಗೆ ಸಿಕ್ಕ ದಿನ ಅದನ್ನೂ ಬಳಸುತ್ತೇನೆ. ವಸ್ತುವಿನ ಬಡತನ ಗುಣವಾಗುವುದಿಲ್ಲ, ಸಿರಿತನವೂ ಆಗುವುದಿಲ್ಲ.

ತ್ರೀಡಿ ಪ್ರಿಂಟರ್ ಬಂದ ಮೇಲೆ ಇದೆಲ್ಲ ಯಾಕೆ ಎನ್ನುವ ಕಿರಿಯರಿದ್ದಾರೆ. ಪ್ರಿಂಟರ್ ಮೇಲೆ ನನಗೆ ಹಗೆಯಿಲ್ಲ. ಎಂಜಿನ್ನಿನ ಕೆಲವು ಭಾಗಗಳಿಗೆ ಅದೇ ಸರಿ. ಆದರೆ ಪ್ರಿಂಟ್ ಮಾಡಿದ ಟ್ರಸ್ ತೆಗೆದು ಕ್ಯಾಲಿಪರ್ ಹಿಡಿದು ನೋಡಿ. ರೆಸಿನ್ ಮುರಿಯಬಾರದೆಂದು ಫೈಲ್ ಬರೆದವರು ಕಡ್ಡಿಯನ್ನು ದಪ್ಪ ಮಾಡಿರುತ್ತಾರೆ. ಅಚ್ಚಿನ ಕಾರ್ಖಾನೆ ಮಾಡಿಕೊಂಡ ರಾಜಿಯನ್ನೇ ಅವರೂ ಮಾಡಿಕೊಂಡಿರುತ್ತಾರೆ, ಒಂದಿಷ್ಟು ಕಡಿಮೆ. ಆ ರಾಜಿ ಸ್ಕ್ರೀನಿನ ಒಳಗಿರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ನನ್ನ ವಿರುದ್ಧದ ವಾದಗಳಲ್ಲಿ ಎರಡು ಗಟ್ಟಿಯಾದವು. ಒಂದು, ಎಲ್ಲ ಹೆಲಿಕಾಪ್ಟರೂ ಚೀತಾ ಅಲ್ಲ. ಒಪ್ಪಿದೆ. ಎಂಐ-17ರಂಥ ದೊಡ್ಡ ದೇಹದ ಯಂತ್ರಗಳಿಗೆ ತಗಡಿನ ಚರ್ಮವಿದೆ, ಹತ್ತಿರದಿಂದ ನೋಡಿದರೆ ರಿವೆಟ್ ಸಾಲುಗಳೂ ಇವೆ. ಅಲ್ಲಿ ಚರ್ಮದ ಭಾಷೆಗೂ ಜಾಗವಿದೆ. ಆದರೆ ಅಲ್ಲಿಯೂ ರೋಟರ್ ತಲೆ ಬಯಲಲ್ಲೇ ಇದೆ, ರೆಕ್ಕೆಗಳು ಅಲ್ಲಿಯೂ ಜೋಲುತ್ತವೆ. ಚರ್ಮಕ್ಕೆ ಕೊಟ್ಟ ಶ್ರದ್ಧೆಯ ಅರ್ಧ ತಲೆಗೆ ಸಿಕ್ಕಿದ್ದರೆ ನಾನು ಬಾಯಿ ಮುಚ್ಚಿಕೊಳ್ಳುತ್ತಿದ್ದೆ.

ಎರಡನೆಯದು ಹೆಚ್ಚು ಕಷ್ಟದ್ದು. ಕಾಣದಿದ್ದರೇನು, ಅಲ್ಲಿದೆ ಎಂದು ಮಾಡಿದವನಿಗೆ ಗೊತ್ತಲ್ಲ ಎನ್ನುತ್ತಾರೆ. ಧಾರವಾಡದ ಗೆಳತಿಯೊಬ್ಬರು ಕಸೂತಿಯ ಉದಾಹರಣೆ ಕೊಟ್ಟರು: ಗವಂತಿ ಹೊಲಿಗೆ ಬಟ್ಟೆಯ ಎರಡು ಕಡೆಯೂ ಒಂದೇ ರೀತಿ ಇರುತ್ತದೆ, ಗಂಟು ಕಾಣುವುದಿಲ್ಲ, ಹಿಂಬದಿ ಯಾರೂ ನೋಡುವುದಿಲ್ಲ ಎಂದು ಹೊಲಿಯುವವರು ಬಿಡುತ್ತಾರೆಯೇ? ಚೆಂದದ ಪ್ರಶ್ನೆ. ನನ್ನ ಉತ್ತರ: ಸೆರಗು ಗಾಳಿಗೆ ಮಗುಚಿಕೊಳ್ಳುತ್ತದೆ, ಆದ್ದರಿಂದ ಕಸೂತಿಗೆ ಹಿಂಬದಿ ಎಂಬುದೇ ಇಲ್ಲ. ಮುಚ್ಚಿ ಅಂಟಿಸಿದ ಗೇರ್‌ಬಾಕ್ಸಿನ ಒಳಭಾಗ ಮಗುಚಿಕೊಳ್ಳುವುದಿಲ್ಲ. ಅದನ್ನು ಮಾಡುತ್ತಾ ಯಂತ್ರ ಹೇಗೆ ಕೆಲಸ ಮಾಡುತ್ತದೆಂದು ಕಲಿತರೆ ಸಂತೋಷ. ಅದನ್ನು ಅಭ್ಯಾಸ ಎಂದು ಕರೆಯೋಣ. ಸಂಗೀತಗಾರರು ಬೆಳಗಿನ ಸಾಧನೆಗೆ ಟಿಕೆಟ್ ಮಾರುವುದಿಲ್ಲ. ಗೆಳತಿ ಒಪ್ಪಲಿಲ್ಲ. ಕಲಿಕೆಯನ್ನೂ ಕೃತಿಯನ್ನೂ ಅಷ್ಟು ನೀಟಾಗಿ ಕತ್ತರಿಸಲು ಬರುವುದಿಲ್ಲ ಎಂದರು. ಆ ಮಾತಿನಲ್ಲಿ ಹುರುಳಿದೆ, ಇವತ್ತಿಗೂ ನನಗೆ ಅದನ್ನು ಪೂರ್ತಿ ತಳ್ಳಿಹಾಕಲು ಆಗಿಲ್ಲ.

ಆದರೂ ಈ ಯಂತ್ರದ ಚರಿತ್ರೆಗೆ ಮರಳಿದರೆ ನನ್ನ ಕಡೆಯ ತಕ್ಕಡಿ ಮತ್ತೆ ಇಳಿಯುತ್ತದೆ. 1972ರ ಜೂನ್ 21ರಂದು ಜಾನ್ ಬೂಲೆ ಎಂಬ ಫ್ರೆಂಚ್ ಟೆಸ್ಟ್ ಪೈಲಟ್ ಲಾಮಾ ಒಂದನ್ನು 12,442 ಮೀಟರ್ ಎತ್ತರಕ್ಕೆ ಒಯ್ದರು. ಅದಕ್ಕಾಗಿ ಮಾಡಿದ ಮುಖ್ಯ ತಯಾರಿ, ಬೇಡದ್ದನ್ನೆಲ್ಲ ಬಿಚ್ಚಿ ಹಾಕಿದ್ದು. ಮೇಲೆ ಎಂಜಿನ್ ಆರಿಹೋಯಿತು, ಮತ್ತೆ ಹತ್ತಲಿಲ್ಲ. ಗಾಳಿಯ ರಭಸಕ್ಕೆ ತಿರುಗುವ ರೆಕ್ಕೆಗಳನ್ನೇ ನಂಬಿ, ಆಟೋರೊಟೇಷನ್‌ನಲ್ಲಿ, ಅಷ್ಟೆತ್ತರದಿಂದ ನೆಲಕ್ಕೆ ಇಳಿದರು. ಸಿಯಾಚಿನ್‌ಗೆ ಹಾರುವವರಿಗೂ ಒಂದೊಂದು ಕಿಲೋದ ಲೆಕ್ಕವುಂಟು. ಕಳೆದು ಕಳೆದು ಎತ್ತರಕ್ಕೇರಿದ ಯಂತ್ರ ಅದು. ನಮ್ಮ ಮೇಜಿನ ಮೇಲೆ ಮಾತ್ರ ಕೂಡಿಸಿ ಕೂಡಿಸಿ ಏಳಲಾರದಂತಾಗಿದೆ.

ಮಾಡೆಲ್ ಸ್ಪರ್ಧೆಯ ತೀರ್ಪುಗಾರರ ಕೈಯಲ್ಲಿ ಒಂದು ಪುಟ್ಟ ಟಾರ್ಚ್ ಇರುತ್ತದೆ. ಅದರ ಬೆಳಕು ಯಾವಾಗಲೂ ಮುಂದಿನಿಂದ, ಚರ್ಮದ ಮೇಲೆ ಬೀಳುತ್ತದೆ: ಅಂಟಿನ ಗುರುತಿದೆಯೇ, ಸಂದು ಮುಚ್ಚಿದೆಯೇ, ಬಣ್ಣ ಸಮವಾಗಿದೆಯೇ. ಹೆಲಿಕಾಪ್ಟರಿನ ಸರದಿ ಬಂದಾಗ ಒಮ್ಮೆ ಆ ಟಾರ್ಚನ್ನು ಹಿಂದಕ್ಕೆ ಒಯ್ದು, ಒಂದು ಬಿಳಿ ಹಾಳೆಯ ಮೇಲೆ ಹಾಯಿಸಿ, ಮಾಡೆಲನ್ನು ಆ ಬೆಳಕಿಗೆ ಅಡ್ಡ ಇಟ್ಟು ನೋಡಿ ಎಂಬುದು ನನ್ನ ಕೋರಿಕೆ. ನನ್ನ ಎರಡನೆಯ ಚೀತಾವನ್ನು ಒಂದು ಸ್ಪರ್ಧೆಗೆ ಒಯ್ದಿದ್ದೆ. ಬಹುಮಾನ ಬರಲಿಲ್ಲ. ಕಾಕ್‌ಪಿಟ್ ಬರಿದಾಗಿದೆ ಎಂದರು. ಆ ಬಗ್ಗೆ ನಾನು ಅಲ್ಲೇ ಜಗಳವಾಡಿದೆ. ಬಾಲದಲ್ಲಿ ಮೂರನೆಯ ಅಡ್ಡಕಡ್ಡಿಯ ಬೆಸುಗೆಯಲ್ಲಿ ಗಂಟು ಕೂತಿದೆ ಎಂದೂ ಅಂದರು. ಅದಕ್ಕೆ ಉತ್ತರ ಕೊಡಲಿಲ್ಲ. ಹಿಂದಿನಿಂದ ಬೆಳಕು ಹಾಯಿಸಿದರೆ ಆ ಗಂಟು ಇನ್ನೂ ಚೆನ್ನಾಗಿ ಕಾಣುತ್ತದೆ.